ಡಾಕ್ಟರ್ ಬಾಯಿಯ ಹಕ್ಕಿಗಳು, ನನ್ನ ಸಂಶಯ

ಊರವರೆಲ್ಲ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದ ನಮ್ಮ ಡಾಕ್ಟರಮ್ಮನ ಕತ್ತಿನ ಹಿಂದೆ ಎರಡು ಬೆರಳಗಲದ ಒಂದು ತಿಳಿ ಪಟ್ಟೆ ಇತ್ತು. ಉಳಿದ ಕತ್ತೆಲ್ಲ ಬಿಸಿಲಿಗೆ ಕಂದಿದ್ದರೂ ಆ ಪಟ್ಟೆ ಮಾತ್ರ ಒಳಚರ್ಮದ ಬಣ್ಣದಲ್ಲೇ ಉಳಿದಿತ್ತು. ಅವರು ನನ್ನ ಔಷಧದ ಅಂಗಡಿಗೆ ಬಂದು ಕೌಂಟರಿನ ಮೇಲೆ ಬಗ್ಗಿ ಏನಾದರೂ ಬರೆಯುವಾಗ ಅದು ಎದ್ದು ಕಾಣುತ್ತಿತ್ತು. ಅಫಜಲಪುರದಲ್ಲಿ ಅದನ್ನು ನೋಡದವರಿಲ್ಲ, ನೋಡಿ ಸುಮ್ಮನಿದ್ದವರೂ ಇಲ್ಲ. ತಾಳಿ ತೆಗೆದಿಟ್ಟ ಗುರುತು ಎಂದರು ಹೆಂಗಸರು. ತಾಳಿ ಅಷ್ಟು ಅಗಲ ಇರುತ್ತದೆಯೇ ಎಂದು ಹೆಂಡತಿಯನ್ನು ಕೇಳಿದರೆ, "ಅದೇನ್ ತಾಳಿನೋ, ಯಾವ ದೇಶದ್ದೋ, ಯಾರಿಗ್ ಗೊತ್ತು" ಎಂದಳು. ಅದು ದುರ್ಬೀನಿನ ಪಟ್ಟಿ ವರ್ಷಗಟ್ಟಲೆ ಕೂತು ಉಳಿದ ಗುರುತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದ ಮೇಲೂ ಪೂರ್ತಿ ನಂಬಿರಲಿಲ್ಲ.

ನನ್ನ ಸ್ವಭಾವವೇ ಅಂಥದ್ದು. ಮೆಡಿಕಲ್ ಅಂಗಡಿ ಇಟ್ಟವನು ಎಲ್ಲರನ್ನೂ ನಂಬಿದರೆ ಜೈಲಿಗೆ ಹೋಗುತ್ತಾನೆ. ಚೀಟಿ ಖರೆಯದೋ ಖೊಟ್ಟಿಯದೋ, ನಿದ್ದೆ ಮಾತ್ರೆ ಕೇಳುವವನು ನಿದ್ದೆಗೆ ಕೇಳುತ್ತಾನೋ ಬೇರೆ ಯಾವುದಕ್ಕೋ, ಡಬ್ಬಿಯ ಮೇಲಿನ ತಾರೀಖು ಅಚ್ಚಾದದ್ದೋ ತಿದ್ದಿದ್ದೋ ಎಂದು ನೋಡಿ ನೋಡಿ ನನಗೆ ಮನುಷ್ಯರ ಮುಖವನ್ನೂ ಬೆಳಕಿಗೆ ಹಿಡಿದು ನೋಡುವ ಚಾಳಿ ಬಿದ್ದಿದೆ. ಮನೆಯವರು ನನ್ನನ್ನು ಸಂಶಯಪಿಶಾಚಿ ಎನ್ನುತ್ತಾರೆ. ಅನ್ನಲಿ.

ಡಾಕ್ಟರ್ ಬಾಯಿ ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅವರ ತಂದೆ ಕಲ್ಲು ಒಡೆದು ಮಕ್ಕಳನ್ನು ಓದಿಸಿದವರು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ದಿನದಿಂದ ಊರಿನ ಯಾವ ದೇವರಿಗೂ ಕೈಮುಗಿದವರಲ್ಲ. ಮಗಳು ಡಾಕ್ಟರಾಗಿ ಮೊದಲು ಆಳಂದದ ಕಡೆ ಸರಕಾರಿ ನೌಕರಿ ಮಾಡಿದರು. ಆಮೇಲೆ ಅದನ್ನು ಬಿಟ್ಟು ಅಫಜಲಪುರಕ್ಕೆ ಬಂದು ನನ್ನ ಅಂಗಡಿಯ ಎದುರಿಗೇ ದವಾಖಾನೆ ತೆರೆದರು. ಮದುವೆಯಾಗಲಿಲ್ಲ. ಬಾಡಿಗೆಯ ಎರಡು ಕೋಣೆಯಲ್ಲಿದ್ದರು. ರೋಗಿಗಳನ್ನು ಬಯ್ಯುತ್ತಿದ್ದರು, ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು. ಇಷ್ಟರಲ್ಲಿ ಸಂಶಯಕ್ಕೆ ಕಾರಣವಿಲ್ಲ. ಆದರೆ ವರ್ಷಕ್ಕೆ ಎರಡು ಸಲ ದವಾಖಾನೆಗೆ ಬೀಗ ಬೀಳುತ್ತಿತ್ತು. ಎಲ್ಲಿಗೆ ಹೋಗಿದ್ದರೆಂದು ಕೇಳಿದರೆ "ಪೆರು" ಎನ್ನುತ್ತಿದ್ದರು, ಇಲ್ಲವೇ "ಉಗಾಂಡಾ". ಯಾಕೆ ಎಂದರೆ, "ಹಕ್ಕಿ ನೋಡಾಕ."

ಹಕ್ಕಿ ನೋಡಲು ಉಗಾಂಡಾಕ್ಕೆ ಹೋಗುವುದು! ನಮ್ಮ ಭೀಮಾ ನದಿಯಲ್ಲಿ ಹಕ್ಕಿಗಳಿಲ್ಲವೇ? ಊರಿನವರು ಕಿಡ್ನಿ ದಂಧೆ ಎಂದರು. ನಾನು ಅಷ್ಟು ದಡ್ಡನಲ್ಲ. ನನ್ನ ಸಂಶಯ ಬೇರೆಯಿತ್ತು. ಔಷಧ ಕಂಪನಿಗಳು ಡಾಕ್ಟರುಗಳಿಗೆ ವಿದೇಶ ಸುತ್ತಿಸುವ ಕಥೆಗಳನ್ನು ನನ್ನಂಥವನು ಕೇಳದೆ ಇರುತ್ತಾನೆಯೇ? ಯಾವ ಕಂಪನಿಯ ಮಾಲು ಹೆಚ್ಚು ಬರೆಯುತ್ತಾರೋ ನೋಡೋಣ ಎಂದು ಅವರ ಚೀಟಿಗಳನ್ನು ಒಂದು ವರ್ಷ ಬೆನ್ನುಹತ್ತಿದೆ. ಅವರು ಬರೆಯುತ್ತಿದ್ದದ್ದೆಲ್ಲ ಅಗ್ಗದ ಮಾತ್ರೆ, ಅದೂ ಒಂದೋ ಎರಡೋ. ಕಂಪನಿಯ ಹುಡುಗನೊಬ್ಬನನ್ನು ಚಹಾ ಕುಡಿಸಿ ಕೇಳಿದರೆ, "ಏ, ಆ ಮೇಡಮ್ ನಮ್ಮ ಪೆನ್ನೂ ಮುಟ್ಟಂಗಿಲ್ರಿ" ಎಂದು ಮುಖ ಸಿಂಡರಿಸಿದ. ಕಾರಣ ಸಿಗದ ಸಂಶಯ ಇನ್ನೂ ಕೆಟ್ಟದ್ದು, ಅದು ನಿದ್ದೆಗೆಡಿಸುತ್ತದೆ.

ಒಂದು ಮಧ್ಯಾಹ್ನ ಅವರೇ ಬಂದು ಕೌಂಟರಿಗೆ ಎರಡೂ ಕೈಯೂರಿ ನಿಂತರು.

"ಸಾವ್ಕಾರ್ರ, ನನ್ನ ಚೀಟಿ ಬೆಳಕಿಗೆ ಹಿಡದು ಹಿಡದು ನೋಡ್ತೀರಂತ. ಏನ್ ಸಿಕ್ತು?"

ನಾನು ತಡವರಿಸಿದೆ. "ಏನಿಲ್ರಿ ಮೇಡಮ್, ಅಕ್ಷರ ತಿಳೀಲಿಲ್ಲಂತ..."

"ನಿಮಗ ಶಕ್ ಅದ. ಇರ್ಲಿ, ಛಲೋನೇ ಆಯ್ತು. ನಮ್ಮಪ್ಪ ಹೇಳ್ತಿದ್ದ, ಯಾರ್ ಹೇಳಿದ್ರೂ ನಂಬಬ್ಯಾಡ, ಹೋಗಿ ನೋಡು ಅಂತ. ನಾಳಿ ಐತವಾರ ಘತ್ತರಗಿಗೆ ಹೊಂಟೇನಿ. ಬರ್ರಿ, ನೋಡ್ರಿ."

ಹೋದೆ. ಭಾಗ್ಯವಂತಿಯ ಗುಡಿಗೆ ಬಂದ ಜನ ಒಂದು ಕಡೆ ಸ್ನಾನ ಮಾಡುತ್ತಿದ್ದರೆ ನಾವಿಬ್ಬರು ಅವರಿಂದ ದೂರ, ನದಿಯ ಮಳಲಿನ ಮೇಲೆ ಕೂತೆವು. ದುರ್ಬೀನನ್ನು ನನ್ನ ಕೈಗೆ ಕೊಟ್ಟು ತಮ್ಮ ಲೆಕ್ಕ ಹೇಳಿದರು. ಜಗತ್ತಿನಲ್ಲಿ ಹನ್ನೊಂದು ಸಾವಿರದ ಹತ್ತಿರ ಹಕ್ಕಿ ಜಾತಿಗಳಿವೆಯಂತೆ. ಹಟ ಹಿಡಿದು ಅದರಲ್ಲಿ ಮುಕ್ಕಾಲು ಪಾಲು ನೋಡಿದ ಮಹಾರಾಯರಿದ್ದಾರಂತೆ. ನೌಕರಿ ಇರುವವರಿಗೆ ಅದು ಆಗುವ ಮಾತಲ್ಲ. ಆದರೆ ಆ ಜಾತಿಗಳೆಲ್ಲ ಸೇರಿ ಇನ್ನೂರೈವತ್ತರ ಆಸುಪಾಸು ಕುಟುಂಬಗಳಾಗುತ್ತವೆ. ಮಿಂಚುಳ್ಳಿಗಳದು ಒಂದು, ಗಿಡುಗಗಳದು ಒಂದು, ಹೀಗೆ.

"ಜಾತಿ ಎಣಿಸೋ ಕೆಲಸ ಊರವ್ರು ಮಾಡ್ತಾರ್ರಿ, ಅವ್ರಿಗೇ ಬಿಟ್ಟೇನಿ. ನಾ ಮನೆತನ ಎಣಿಸ್ತೇನಿ. ಒಂದೊಂದು ಮನಿಗೂ ಹೋಗಿ ಒಮ್ಮಿ ಬಾಗಲಾ ಬಡದು ಬರೋದು, ಗಳಿಸಿದ್ದೆಲ್ಲಾ ಅದಕ್ಕೇ. ಕೆಲವು ಮನಿಯಾಗ ಒಬ್ಬನೇ ಇರ್ತಾನ, ಅದೂ ಯಾವುದೋ ದ್ವೀಪದಾಗ. ಅವನಿಗೂ ಬಿಡಂಗಿಲ್ಲ."

ಹೇಳಿ ಗಟ್ಟಿಯಾಗಿ ನಕ್ಕರು. ನಾನು ನಗಲಿಲ್ಲ. ಇಷ್ಟು ಸರಳವಾದ ಕಾರಣಕ್ಕೆ ಇಷ್ಟು ಓದಿದ ಹೆಂಗಸು ಹೀಗೆ ತಿರುಗುತ್ತಾಳೆಂದರೆ ಯಾರು ನಂಬಬೇಕು? ಅದಕ್ಕೇ ಮುಂದಿನ ಐತವಾರವೂ ಹೋದೆ, ಅದರ ಮುಂದಿನದಕ್ಕೂ.

ನಿಧಾನಕ್ಕೆ ಅವರ ಕೆಲಸದ ರೀತಿ ತಿಳಿಯಿತು. ಕಾಣದ ಕುಟುಂಬಗಳು ಎಲ್ಲಿ ಗುಂಪಾಗಿ ಸಿಗುತ್ತವೆಯೋ ಮೊದಲು ಅಲ್ಲಿಗೆ ಹೋಗುವುದು. ಹೀಗೆ ದಕ್ಷಿಣ ಅಮೆರಿಕ ಮೊದಲಾಯಿತು, ಆಫ್ರಿಕಾ ಆಮೇಲೆ, ಮಡಗಾಸ್ಕರ್ ಒಂದಕ್ಕೇ ಬೇರೆ ಪ್ರಯಾಣ. ಮೊದಮೊದಲು ಒಂದು ಪ್ರಯಾಣದಲ್ಲಿ ಹತ್ತಿಪ್ಪತ್ತು ಕುಟುಂಬ ಸಿಕ್ಕಿದರೆ, ಕೊನೆಕೊನೆಗೆ ಒಂದೇ ಒಂದಕ್ಕಾಗಿ ಸಮುದ್ರ ದಾಟಬೇಕು. ಇದರ ಮೇಲೆ ವಿಜ್ಞಾನಿಗಳು ಆಗಾಗ ಕುಟುಂಬಗಳನ್ನು ಒಡೆಯುತ್ತಾರೆ, ಕೂಡಿಸುತ್ತಾರೆ. ಒಂದು ಬೆಳಿಗ್ಗೆ ಡಾಕ್ಟರ್ ಬಾಯಿ, ಮೊದಲೇ ನೋಡಿದ್ದ ಹಕ್ಕಿಗಳ ಕುಟುಂಬ ಒಡೆದು ಕೂತಲ್ಲೇ ಎರಡು ಹೆಚ್ಚಾದವೆಂದು ಪೇಢಾ ಹಂಚಿದರು. ನನಗೆ ಅದು ರಾತ್ರೋರಾತ್ರಿ ಪಹಣಿಯಲ್ಲಿ ಹೆಸರು ಸೇರಿಸಿದ ಹಾಗೆ ಕಂಡಿತು. ಹಾಗೆಂದೇ ಹೇಳಿದೆ. ಅವರು, "ಸಾವ್ಕಾರ್ರ, ನೀವು ನನಗ ಬೇಕಾದ ಮನಷ್ಯಾ" ಎಂದರು.

ಯಾಕೆಂದರೆ ಈ ಹಕ್ಕಿ ಲೆಕ್ಕಕ್ಕೆ ಸಾಕ್ಷಿ ಇಲ್ಲ. ಕಂಡೆ ಎಂದು ಫೋನಿನಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು, ಜಗತ್ತು ನಂಬುತ್ತದೆ. ಯಾರೂ ಬಂದು ತಪಾಸು ಮಾಡುವುದಿಲ್ಲ. ಅಂಥ ಕಡೆ ತನ್ನ ಕಣ್ಣೇ ತನಗೆ ಮೋಸ ಮಾಡುತ್ತದೆ ಎನ್ನುವುದು ಅವರ ಹೆದರಿಕೆ. ಅದಕ್ಕೆ ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ಪ್ರತಿ ಪ್ರಯಾಣದಿಂದ ಬಂದ ಮೇಲೆ, ಗಿರಾಕಿ ಇಲ್ಲದ ಮಧ್ಯಾಹ್ನ, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೊಸ ಕುಟುಂಬಗಳನ್ನು ಹೇಳುವುದು ಅವರ ಕೆಲಸ, ಸಂಶಯ ಪಡುವುದು ನನ್ನ ಕೆಲಸ. ಎಷ್ಟು ದೂರವಿತ್ತು? ಬಿಸಿಲು ಯಾವ ಕಡೆಯಿಂದ? ಗೈಡು ಹೆಸರು ಹೇಳಿದ ಮೇಲೆ ನಿಮಗೆ ಕಂಡಿತೋ, ನಿಮಗೆ ಕಂಡ ಮೇಲೆ ಅವನು ಹೇಳಿದನೋ?

ಈ ಕೊನೆಯ ಪ್ರಶ್ನೆಗೆ ಅವರು ಬಹಳ ಹೆದರುತ್ತಿದ್ದರು. ಬೋರ್ನಿಯೋದಲ್ಲಿ ಒಂದು ಹಕ್ಕಿ, ಇಡೀ ಕುಟುಂಬಕ್ಕೆ ಅದೊಂದೇ. ಮರದ ತುದಿಯಲ್ಲಿ ಕರಿಯದೇನೋ ಹಾರಿದ್ದು ಕಂಡಿತ್ತು, ಗೈಡು ಹೆಸರು ಕೂಗಿದ್ದ. "ಅವ ಹೆಸರು ಹೇಳದೆ ಇದ್ರ ಅದಕ್ಕ ಏನಂತಿದ್ರಿ?" ಎಂದು ಕೇಳಿದೆ. ಫೋನು ತೆಗೆದು ಆ ಗುರುತನ್ನು ಅಳಿಸುತ್ತ, "ಕಾಗಿ ಅಂತಿದ್ದೆ" ಎಂದರು. ಆ ಕುಟುಂಬ ಹೋಯಿತು. ಮರುವರ್ಷ ಅದೊಂದಕ್ಕಾಗಿ ಮತ್ತೆ ಬೋರ್ನಿಯೋಕ್ಕೆ ಹೋಗಿ ಬಂದು ಬಸ್ಸಿನಿಂದ ಇಳಿದವರೇ ಮನೆಗೂ ಹೋಗದೆ ಅಂಗಡಿಗೆ ಬಂದರು. "ಕೆಂಪು ತಲಿ, ಕೆಂಪು ತೊಡಿ, ನೆತ್ತಿ ಮ್ಯಾಲ ಕೊಯ್ದ ಜ್ವಾಳದ ಹಳದಿ ಕೂಳಿ ಇದ್ದಂಗ ಕೂದಲಾ. ನಾನೇ ಮೊದಲ ನೋಡ್ದೆ, ಆ ಮ್ಯಾಲ ಅವಗ ತೋರಿಸ್ದೆ. ಈಗ ನಂಬ್ತೀರೇನು?"

"ಅರ್ಧ ನಂಬ್ತೇನ್ರಿ" ಎಂದೆ. ಅಂಗಡಿಯ ಮುಂದೆ ಹೋಗುವವರು ತಿರುಗಿ ನೋಡುವಷ್ಟು ನಕ್ಕರು.

ಕಳೆದ ವರ್ಷ ದಸರೆಗೆ ಮುಂಚೆ ಅವರು ಆಸ್ಟ್ರೇಲಿಯಾಕ್ಕೆ ಹೋದರು. ಉಳಿದಿದ್ದದ್ದು ಒಂದೇ ಕುಟುಂಬ. ಬಯಲುಸೀಮೆಯ ಒಂದು ಪುಟ್ಟ ಹಕ್ಕಿ, ನೋಡಲು ನಮ್ಮ ಲಾವಕ್ಕಿಯಂತೆ, ಆದರೆ ವಂಶದಲ್ಲಿ ನೀರಹಕ್ಕಿಗಳ ನೆಂಟ. ನೋಡಿಕೊಂಡು ಬಂದರು. ಸ್ಟೂಲಿನ ಮೇಲೆ ಕೂತಾಗ ಸ್ವಲ್ಪ ಬಡಕಲಾದಂತೆ ಕಂಡರು, ಮುಖದಲ್ಲಿ ಮಾತ್ರ ಮದುವೆ ಮುಗಿಸಿದವರ ಕಳೆ. ನಾನು ಎಲ್ಲ ಪ್ರಶ್ನೆ ಕೇಳಿದೆ. ಎಲ್ಲಿಯೂ ಸಡಿಲ ಸಿಗಲಿಲ್ಲ. ಮುಗಿಯಿತು ಎಂದುಕೊಂಡು ಚಹಾ ತರಿಸಿದೆ.

ಚಹಾ ಕುಡಿಯುತ್ತ ಅವರೇ ಹೇಳಿದರು. "ಅದೇ ಬಯಲಾಗ ಮೂರು ಬೆರಳಿನ ಲಾವಕ್ಕಿನೂ ಸಿಗ್ತದ್ರಿ. ನಮ್ಮ ಕಡಿನೂ ಅದರ ಅಕ್ಕತಂಗೇರ ಅದಾವ. ಅದು ಖರೇ ಲಾವಕ್ಕಿ ಅಲ್ಲ, ಹಿಂದಿನ ಬೆರಳ ಇಲ್ಲ, ಅದರ ಮನೆತನಾನೇ ಬ್ಯಾರೆ. ಹೆಣ್ಣು ಗುಟುರು ಹಾಕ್ತದ, ಗಂಡು ಮರಿ ಕಾಯ್ತದ. ಶ್ಯಾಣ್ಯಾ ಹಕ್ಕಿ! ಇನ್ನೊಂದು ತಾಸು ನಿಂತ್ರ ತೋರಿಸ್ತೇನಿ ಅಂದ ಗೈಡ್. ನಂದು ಅದು ಆಗ್ಯಾದ, ಬ್ಯಾಡ ಅಂದು ಗಾಡಿಯಾಗ ಮಲಗಿದೆ."

"ಎಲ್ಲಿ ಆಗಿತ್ರಿ ಅದು?"

"ಇಲ್ಲೇ, ಕಿಣ್ಣಿ ಸುಲ್ತಾನ ಹಳ್ಳ್ಯಾಗ. ಆಳಂದದ ನೌಕರಿಯಾಗಿದ್ದಾಗ. ಬಾವಿ ಮಗ್ಗಲ ತೊಗರಿ ಹೊಲದಾಗ ಕೂಗಾಕತ್ತಿತ್ತು. ಅರ್ಧ ತಾಸು ಕೇಳ್ದೆ."

"ಕೇಳಿದ್ರಿ. ನೋಡ್ಲಿಲ್ಲ?"

"ಕೇಳಿದ್ರೂ ಲೆಕ್ಕಕ್ಕ ಬರ್ತದ್ರಿ ಸಾವ್ಕಾರ್ರ. ಆ ದನಿ ತಪ್ಪಂಗಿಲ್ಲ."

ಅದು ನಾನು ಸಾಕ್ಷಿಯಾಗುವ ಮೊದಲಿನ ಹಕ್ಕಿ, ಯಾರೂ ಸಂಶಯ ಪಡದ ಹಕ್ಕಿ. ಒಮ್ಮೆ ಗುರುತು ಬಿದ್ದ ಕುಟುಂಬದ ಕಡೆ ಈ ಹಕ್ಕಿ ಎಣಿಸುವವರು ಯಾರೂ ಮತ್ತೆ ತಿರುಗಿ ನೋಡುವುದಿಲ್ಲ, ಉಳಿದವುಗಳ ಹಿಂದೆ ಓಡುತ್ತಾರೆ. ಅದರ ಚಿತ್ರ ಮತ್ತು ದನಿಯನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಆ ದಿನದಿಂದ ಆಳಂದದ ಕಡೆಯ ಗಿರಾಕಿ ಯಾರು ಬಂದರೂ ಮಾತ್ರೆ ಕೊಡುವ ಮೊದಲು ಅದನ್ನು ತೋರಿಸುವುದು ನನ್ನ ಚಟವಾಯಿತು. ಮಾದನಹಿಪ್ಪರಗಾದ ಒಬ್ಬ, "ಅಂಗಡ್ಯಾಗ ಲಾವಕ್ಕಿ ಮಾರಾಕತ್ತೀರೇನ್ರಿ?" ಎಂದು ಕೇಳಿ ಹೋದ.

ಅದೇ ತಿಂಗಳಲ್ಲಿ ಡಾಕ್ಟರ್ ಬಾಯಿ ತಮ್ಮ ಹೆಸರಿಗೇ ಒಂದು ಚೀಟಿ ಬರೆದು ಕಳಿಸಿದರು. ನಾನು ಓದಿದೆ. ಆ ಎರಡು ಮಾತ್ರೆಗಳನ್ನು ಒಟ್ಟಿಗೆ ಯಾವ ರೋಗಕ್ಕೆ, ಯಾವ ಹಂತದಲ್ಲಿ ಬರೆಯುತ್ತಾರೆಂದು ನನ್ನಂಥವನಿಗೆ ಯಾರೂ ಹೇಳಬೇಕಾಗಿಲ್ಲ. ಕ್ಯಾನ್ಸರು, ಅದೂ ಕೊನೆಯ ಹಂತ. ಜೀವನದಲ್ಲಿ ಮೊದಲ ಸಲ, ಈ ಚೀಟಿ ಖೊಟ್ಟಿಯಾಗಿರಲಿ ಎಂದು ಬೇಡಿಕೊಂಡೆ. ಮಾತ್ರೆ ಕೊಡಲು ನಾನೇ ಹೋದಾಗ ಅವರು, "ಮಾರಿ ಸಣ್ಣದು ಮಾಡಬ್ಯಾಡ್ರಿ. ಮನೆತನ ಎಲ್ಲಾ ಮುಗಸೇನಿ" ಎಂದರು.

ಅದಾದ ವಾರದೊಳಗೆ ಕಿಣ್ಣಿ ಸುಲ್ತಾನದ ಮುದುಕನೊಬ್ಬ ಬಿಪಿ ಮಾತ್ರೆಗೆ ಬಂದ. ಫೋನಿನ ಚಿತ್ರ ನೋಡಿ ಅವನ ಮುಖ ಅರಳಿತು.

"ಇದಕ್ಕ ನಮ್ಮಪ್ಪ ಸಾಕಿದ್ದನ್ರಿ! ಹೆಣ್ಣು ಹಕ್ಕಿಗೆ ಪಂಜರದಾಗ ಇಟ್ಟು ತೊಗರಿ ಸಾಲಿನಾಗ ಮುಚ್ಚಿ ಇಡ್ತಿದ್ದ. ಅದು ಗುರ್ರ್ ಅಂತಿತ್ತು, ಬ್ಯಾರೆ ಹೆಣ್ಣು ಜಗಳಕ್ಕ ಬಂದು ಬಲೀಗೆ ಬೀಳ್ತಿದ್ದವು. ಈಗ ಯಾರೂ ಮಾಡಂಗಿಲ್ರಿ, ಕಾಯದೆ ಅದ."

"ಯಾವ ಹೊಲದಾಗ ಅಜ್ಜಾ?"

"ನಮ್ಮದೇ. ಬಾವಿ ಮಗ್ಗಲದ್ದು."

ಯಾವ ವರ್ಷದವರೆಗೆ ಎಂದು ಕೇಳಿದೆ. ಅವನ ಅಪ್ಪ ತೀರಿಕೊಳ್ಳುವವರೆಗೆ. ಡಾಕ್ಟರ್ ಬಾಯಿ ಆಳಂದದಲ್ಲಿದ್ದಾಗ ಆ ಮನುಷ್ಯ ಬದುಕಿದ್ದ. ಪಂಜರದ ಹಕ್ಕಿ ಲೆಕ್ಕಕ್ಕಿಲ್ಲ. ಹಕ್ಕಿ ತನ್ನ ಪಾಡಿಗೆ ತಾನು ಬಯಲಿನಲ್ಲಿ ಇರಬೇಕು, ಅದು ಇವರೆಲ್ಲರ ಮೊದಲ ನಿಯಮ. ಅವರು ಕೇಳಿದ್ದು ಪಂಜರದ ದನಿಯೇ ಎಂದು ಹೇಳಲು ನನ್ನಲ್ಲಿ ಪುರಾವೆ ಇರಲಿಲ್ಲ. ಬಯಲಿನ ಹಕ್ಕಿಯೇ ಕೂಗಿರಬಹುದು. ಆದರೆ ಸಂಶಯ ಬಂದಿತ್ತು.

ಹೇಳಬೇಕೋ ಬೇಡವೋ? ಎರಡು ದಿನ ಅದನ್ನೇ ತಿರುವಿ ತಿರುವಿ ನೋಡಿ ಮನೆಯಲ್ಲಿ ಹೇಳಿದೆ. ಸಾಯುವವರ ಕೈಯಿಂದ ಕೊನೆಯ ತುತ್ತು ಕಸಿದುಕೊಳ್ಳುವ ಪಾಪ ಯಾಕೆ ಎಂದಳು ಹೆಂಡತಿ. ಅವಳ ಮಾತು ಸುಳ್ಳಲ್ಲ. ಆದರೆ ಸಂಶಯ ಪಡಲೆಂದೇ ನನ್ನನ್ನು ಇಟ್ಟುಕೊಂಡವರು ಅವರು. ತಪ್ಪು ರಿಪೋರ್ಟನ್ನು ಸರಿ ಎಂದು ಕೊಟ್ಟು ರೋಗಿಯನ್ನು ಖುಷಿಪಡಿಸುವುದನ್ನು ಅವರು ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಹೋಗಿ ಹೇಳಿದೆ.

ಅವರು ಹಾಸಿಗೆಯಲ್ಲಿ ಎದ್ದು ಕೂತರು. ಆ ಮುದುಕನ ಬಗ್ಗೆ ನಾನು ಕೇಳುವಂಥ ಪ್ರಶ್ನೆಗಳನ್ನೇ ಕೇಳಿದರು. ಹೆಸರನ್ನು ನಾನು ಹೇಳಿಕೊಟ್ಟೆನೋ ಅವನೇ ಹೇಳಿದನೋ, ಬಾವಿ ಎಂದು ಮೊದಲು ಯಾರ ಬಾಯಿಂದ ಬಂತು. ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಗೋಡೆಯ ಕಡೆ ತಿರುಗಿಕೊಂಡರು.

"ನಾ ಹೋಗೂ ತನಾ ಎರಡು ತಿಂಗಳಾ ತಡದಿದ್ರ ಏನಾಗ್ತಿತ್ರಿ ನಿಮಗ?"

ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಈ ಹಾಳು ಬುದ್ಧಿ ಇದ್ದು ಏನು ಸಾರ್ಥಕ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಶಪಿಸಿಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ ಅವರ ಫೋನು. "ಗುರುತು ತಗದೇನಿ. ಸಂಶೇ ಬಂದ ಮ್ಯಾಲ ಅದು ನಂದಲ್ಲ. ಗಾಡಿ ತಗೀರಿ, ಕಿಣ್ಣಿ ಸುಲ್ತಾನಕ್ಕ ಹೋಗೂಣು."

ಹಲವು ಬೆಳಿಗ್ಗೆ ಹೋದೆವು. ಅವರ ತಂಗಿ ಜೇವರ್ಗಿಯಿಂದ ಬಂದು ಜೊತೆಗಿದ್ದರು, ನನ್ನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಮುದುಕನ ಮನೆಯವರು ಹೊಲದ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಡುತ್ತಿದ್ದರು. ತೊಗರಿ ಹೂಬಿಟ್ಟಿತ್ತು. ಡಾಕ್ಟರ್ ಬಾಯಿ ಶಾಲು ಹೊದ್ದು, ತೊಡೆಯ ಮೇಲೆ ದುರ್ಬೀನು ಇಟ್ಟುಕೊಂಡು ಕೂರುತ್ತಿದ್ದರು. ಅದನ್ನು ಕೊರಳಿಗೆ ಹಾಕಿಕೊಳ್ಳುವ ಶಕ್ತಿ ಹೋಗಿತ್ತು. ನೋವು ತಡೆಯಲು ಮಾತ್ರೆ ತೆಗೆದುಕೊಂಡರೆ ನಿದ್ದೆ ಎಳೆಯುತ್ತದೆಂದು ತಡೆದು ತಡೆದು ತೆಗೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ನೋವು ಮೀರಿತು. ಮಾತ್ರೆ ನುಂಗಿ ಕುರ್ಚಿಯಲ್ಲೇ ತೂಕಡಿಸಿದರು. ತಂಗಿ ನೀರು ತರಲು ಮನೆಗೆ ಹೋಗಿದ್ದರು. ಆಗ ಕೂಗಿತು. ದೂರದಲ್ಲಿ ಯಾರೋ ಮೋಟರ್ ಸೈಕಲ್ ಚಾಲೂ ಮಾಡಿದ ಹಾಗೆ, ಗುರ್ರ್, ಗುರ್ರ್. ನಾನು ಅವರ ಭುಜ ಮುಟ್ಟಿ ಅಲುಗಾಡಿಸಿದೆ, ಏಳಲಿಲ್ಲ. ನನಗಾದರೂ ಸುಮ್ಮನಿರಲು ಬಂತೇ? ಪಂಜರ ಇದ್ದರೆ ಏನು ಗತಿ ಎಂದು ಅನುಮಾನ. ಸಾಲಿನೊಳಗೆ ಇಳಿದು ದನಿ ಬಂದ ಕಡೆ ಗಿಡ ಸರಿಸಿ ಸರಿಸಿ ಹುಡುಕಿದೆ. ಪಂಜರ ಇರಲಿಲ್ಲ. ಕಾಲ ಬುಡದಿಂದಲೇ ಒಂದು ಮುಷ್ಟಿಯಷ್ಟು ಕಂದು ಹಕ್ಕಿ ಭರ್ರೆಂದು ಎದ್ದು, ನಾಲ್ಕು ಮಾರು ಹಾರಿ ತೊಗರಿಯಲ್ಲಿ ಬಿತ್ತು. ಮತ್ತೆ ಕೂಗಲಿಲ್ಲ.

ತಿರುಗಿ ಬಂದಾಗ ಅವರು ಕಣ್ಣು ಬಿಟ್ಟಿದ್ದರು.

"ಕೂಗಿತೇನ್ರಿ?"

"ಕೂಗಿತ್ರಿ. ಹಾರಿತು. ನೋಡ್ದೆ. ಪಂಜರ ಇಲ್ರಿ ಮೇಡಮ್, ಎಲ್ಲಾ ಕಡಿ ನೋಡೇನಿ. ನಿದ್ದಿಗಣ್ಣಾಗ ನಿಮಗೂ ಕೇಳಿಸಿರಬೇಕು..."

ಅವರು ತಲೆ ಅಲ್ಲಾಡಿಸಿದರು. "ನಾ ಕೇಳ್ಲಿಲ್ಲ. ಅದು ನಿಮ್ಮದು ಸಾವ್ಕಾರ್ರ, ನಂದಲ್ಲ." ಆಮೇಲೆ ಕಣ್ಣಿನಲ್ಲಿ ಹಳೆಯ ತುಂಟತನ ಬಂತು. "ಆದ್ರ ಹೆಸರು ನಿಮ್ಮ ತಲ್ಯಾಗ ಮೊದಲೇ ಇತ್ತಲ್ಲ? ಕಾಲ ನೋಡಿದ್ರೇನು? ಬೆರಳ ಎಷ್ಟಿದ್ದವು? ನಾನಂತೂ ನಂಬಂಗಿಲ್ಲಪ್ಪಾ."

ನಕ್ಕರು, ನಕ್ಕಿದ್ದಕ್ಕೆ ನೋವಾಗಿ ಹೊಟ್ಟೆ ಹಿಡಿದುಕೊಂಡರು. ನಾನು ಅಲ್ಲಿಯೇ ಬದುವಿನ ಮೇಲೆ ಕೂತು ಅತ್ತೆ. "ಅಳಬ್ಯಾಡ್ರಿ. ನೀವು ಹೇಳದೆ ಇದ್ರ ನಾ ಸುಳ್ಳು ಹೊತಗೊಂಡು ಹೋಗ್ತಿದ್ದೆ" ಎಂದರು. ಅದೇ ಕೊನೆಯ ಸಲ ನಾವು ಹೊಲಕ್ಕೆ ಹೋದದ್ದು. ಅವರು ಜೇವರ್ಗಿಯ ತಂಗಿಯ ಮನೆಯಲ್ಲಿ ತೀರಿಕೊಂಡರು.

ಅಫಜಲಪುರದಲ್ಲಿ ಶೋಕಸಭೆ ಮಾಡಿದರು. ಕಿಡ್ನಿ ದಂಧೆ ಎಂದವರೇ ಹಾರ ತಂದಿದ್ದರು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು, ಅದರ ಮೇಲೆ 'ಜಗತ್ತಿನ ಎಲ್ಲ ಪಕ್ಷಿ ಕುಟುಂಬಗಳನ್ನು ಕಂಡ ನಮ್ಮೂರ ಹೆಮ್ಮೆ' ಎಂದು ಅಚ್ಚಾಗಿತ್ತು. ಭಾಷಣ ಮಾಡಿದ ಒಬ್ಬೊಬ್ಬರೂ ಅದನ್ನೇ ಹೇಳಿದರು, ಎಲ್ಲ, ಎಲ್ಲ, ಒಂದೂ ಬಿಡದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತೆ.

"ಎಲ್ಲಾ ಅಲ್ರಿ. ಒಂದು ಕಡಿಮಿ ಅದ."

ಸಭೆ ತಿರುಗಿ ನೋಡಿತು. ಸತ್ತವರ ಲೆಕ್ಕದಲ್ಲೂ ಕೊಂಕು ತೆಗೆಯುತ್ತಾನೆ ನೋಡು ಎಂದು ಹಿಂದಿನಿಂದ ಯಾರೋ ಅಂದರು. ಕುಂದ್ರಸ್ರಿ ಅವಗ ಎಂದು ಇನ್ನೊಬ್ಬರು. ನಾನು ಕೂರುವಷ್ಟರಲ್ಲಿ ಮುಂದಿನ ಸಾಲಿನಿಂದ ಡಾಕ್ಟರ್ ಬಾಯಿಯ ತಂಗಿ ಎದ್ದರು. ಅಲ್ಲಿಯವರೆಗೆ ನನ್ನೊಂದಿಗೆ ಮಾತೇ ಆಡದಿದ್ದ ಆ ಹೆಣ್ಣುಮಗಳು ಮೈಕಿನ ಹತ್ತಿರ ಹೋಗಿ ಅದನ್ನು ಕಿತ್ತು ತಂದು ನನ್ನ ಕೈಗೆ ಕೊಟ್ಟರು.

"ಕುಂದ್ರಬ್ಯಾಡ್ರಿ ಅಣ್ಣಾರ. ಪೂರಾ ಹೇಳ್ರಿ. ಅಕ್ಕ ಇದ್ದಿದ್ರ ಆಕಿನೇ ಎದ್ದು ನಿಂದರ್ತಿದ್ಲು."

ಹೇಳಿದೆ. ಪಂಜರ, ಬಾವಿ, ತೊಗರಿ ಹೊಲ, ಅವರ ನಿದ್ದೆ, ಎಲ್ಲವನ್ನೂ. ಚಪ್ಪಾಳೆ ಬೀಳಲಿಲ್ಲ, ಬೀಳಬೇಕಾದದ್ದೂ ಅಲ್ಲ. ಎರಡು ತಿಂಗಳು ತಡೆದಿದ್ದರೆ ಏನಾಗುತ್ತಿತ್ತು ಎನ್ನುವ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ, ಅದಕ್ಕೆ ಉತ್ತರ ಸಿಕ್ಕಿದೆ ಎಂದು ನಾನು ಹೇಳುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಎಲ್ಲರೂ ಬಯ್ದ ನನ್ನ ಈ ಗುಣವನ್ನು ಒಬ್ಬರೇ ಒಬ್ಬರು ತಮಗೆ ಬೇಕೆಂದು ಕೇಳಿ ಪಡೆದರು. ಅದು ತಮ್ಮನ್ನೇ ಇರಿದಾಗಲೂ ಅದನ್ನು ವಾಪಸು ಕೊಡಲಿಲ್ಲ.